ಹಾಡಿನ ಬೆನ್ನು ಬಿಟ್ಟೆ, ದುಡ್ಡಿನ ಬೆನ್ನು ಹಿಡಿದೆ

ಅಮೆರಿಕದ ಸೋಲ್ ಗಾಯಕ ಡ್ಯಾರೆಲ್ ಬ್ಯಾಂಕ್ಸ್ ಹಾಡಿದ ‘ಓಪನ್ ದ ಡೋರ್ ಟು ಯುವರ್ ಹಾರ್ಟ್’ನ ಹುಟ್ಟು ಪತ್ತೆ ಮಾಡುತ್ತೇನೆ, ಅದನ್ನು ಕಟ್ಟಿದವರು ಯಾರು ಅಂತ ಹುಡುಕುತ್ತೇನೆ ಅಂದಾಗ ಹಳೇ ರೆಕಾರ್ಡ್ ಕೂಡಿಡುವ ನಮ್ಮ ಬಳಗದಲ್ಲಿ ನಕ್ಕವರೇ ಜಾಸ್ತಿ. 1966ರ ಡೆಟ್ರಾಯಿಟ್ ಹಾಡು, ಹಾಡಿದವನು 1970ರಲ್ಲೇ ಗುಂಡೇಟಿಗೆ ಸತ್ತ, ನೀನು ಬೆಂಗಳೂರಲ್ಲಿ ಕೂತು ಏನು ಕಡಿದು ಗುಡ್ಡೆ ಹಾಕುತ್ತೀಯ ಅಂದರು. ಗುಡ್ಡೆ ಹಾಕಿದ್ದಾಯಿತು. ಅದಕ್ಕೇ ಬರೆಯುತ್ತಿದ್ದೇನೆ.

ಶುರುವಿನಲ್ಲಿ ಎಲ್ಲರಂತೆ ನಾನೂ ಡೆಡ್ ವ್ಯಾಕ್ಸ್ ಓದುತ್ತಾ ಕೂತೆ. ಅಂದರೆ ರೆಕಾರ್ಡಿನಲ್ಲಿ ಹಾಡಿನ ಗೀರು ಮುಗಿದ ಮೇಲೆ ಲೇಬಲ್ ತನಕ ಇರುವ ಖಾಲಿ ಪಟ್ಟಿ. ತಯಾರಿಸಿದವರು ತಮ್ಮ ಗುರುತು, ನಂಬರ್ ಹಾಕುವುದು ಅಲ್ಲೇ. ತ್ರಿಕೋನ ಕಂಡರೆ ಲಾಸ್ ಏಂಜಲೀಸ್‌ನ ಮೊನಾರ್ಕ್ ಕಾರ್ಖಾನೆ, ಎಆರ್‌ಪಿ ಅಂತ ಕೆತ್ತಿದ್ದರೆ ಮಿಶಿಗನ್‌ನ ಒವಾಸೋ ಊರಿನ ಕಾರ್ಖಾನೆ, ಝಡ್‌ಟಿಎಸ್‌ಸಿ ಇದ್ದರೆ ಕೊಲಂಬಿಯಾ ಕಂಪನಿಯ ಷಿಕಾಗೋ ಶಾಖೆ. ಇವೆಲ್ಲ ರೆಕಾರ್ಡ್ ಹುಚ್ಚಿನವರಿಗೆ ಗೊತ್ತಿರೋದೇ. ಫೋಟೋದಲ್ಲಿ ಸರಿಯಾಗಿ ಮೂಡದ ಗೀರುಗಳಿಗೆ ನಾನು ಮಾಡುವುದು ಇಷ್ಟೇ: ತೆಳು ಟ್ರೇಸಿಂಗ್ ಪೇಪರನ್ನು ಡೆಡ್ ವ್ಯಾಕ್ಸ್ ಮೇಲೆ ಇಟ್ಟು, 6ಬಿ ಪೆನ್ಸಿಲನ್ನು ಮಲಗಿಸಿ ಹಗುರವಾಗಿ ಉಜ್ಜುವುದು. ಅಳಿಸಿ ಮತ್ತೆ ಕೆತ್ತಿದ ನಂಬರ್ ಕೂಡ ಎದ್ದು ಬರುತ್ತದೆ. ಸ್ಟೈರೀನ್ ಅನ್ನೋ ಪೆಡಸು ಪ್ಲಾಸ್ಟಿಕ್ಕಿನ ರೆಕಾರ್ಡ್ ಆದರೆ ಕೈ ಒತ್ತಬೇಡಿ. ಉಗುರಲ್ಲಿ ತಟ್ಟಿ ನೋಡಿ, ವಿನೈಲ್‌ಗಿಂತ ಕೀರಲು ಸದ್ದು ಬಂದರೆ ಸ್ಟೈರೀನ್. ಅದರ ಲೇಬಲ್ ಒತ್ತಿದ್ದಲ್ಲ, ಆಮೇಲೆ ಅಂಟಿಸಿದ್ದು.

ಈ ಓದಿಗೆ ಕೊಟ್ಟ ದುಡ್ಡು ನೆನೆದರೆ ಹೊಟ್ಟೆ ಉರಿಯುತ್ತೆ. ಈ ಹಾಡು ಬಂದ ರೆವಿಲಾಟ್ ಲೇಬಲ್ಲಿನ ಅಮೆರಿಕನ್ ಪ್ರತಿ ಅಂಥಾ ದುಬಾರಿ ಏನಲ್ಲ, ಇಪ್ಪತ್ತು ಮೂವತ್ತು ಡಾಲರಿಗೆ ಸಿಗುತ್ತದೆ. ಅಂಚೆ ಖರ್ಚೇ ಅಷ್ಟು. ಅದರ ಮೇಲೆ ಕಸ್ಟಮ್ಸ್ ಸುಂಕ. ಒಂದು ಪ್ರತಿ ಮನೆಗೆ ಬಂದಾಗ ಎರಡು ಹೋಳು. ಮಾರಿದವನು ‘ಇಲ್ಲಿಂದ ಹೊರಟಾಗ ಚೆನ್ನಾಗಿತ್ತು’ ಅಂತ ಫೋಟೋ ಕಳಿಸಿ ಸುಮ್ಮನಾದ. ಇನ್ನೊಂದು ಕೇಳಿದರೆ ಹಾಡಿಗಿಂತ ಚರಚರ ಸದ್ದೇ ಮುಂದೆ. ಹೀಗೆ ಒಂದಿಪ್ಪತ್ತು ಸಾವಿರ ರೂಪಾಯಿ ಕರಗಿತು.

ಕೈಗೆ ಬಂದದ್ದೇನು? ರೆಕಾರ್ಡ್ ಎಲ್ಲಿ, ಯಾವಾಗ ಒತ್ತಿದರು ಅನ್ನೋದು. ಯಾರು ಕಟ್ಟಿದ ಹಾಡು ಅನ್ನೋದಕ್ಕೆ ಅಲ್ಲಿ ಉತ್ತರವೇ ಇಲ್ಲ. ಸೆಷನ್ ಕಾಗದ, ಅಂದರೆ ಧ್ವನಿಮುದ್ರಣದ ದಿನ ಯಾರು ನುಡಿಸಿದರು ಅಂತ ಬರೆದಿಟ್ಟದ್ದು, ಹುಡುಕೋಣ ಅಂದರೆ ಅದು ಇನ್ನೊಂದು ಕಥೆ. ಆ ಕಾಲದ ಡೆಟ್ರಾಯಿಟ್‌ನಲ್ಲಿ ಮೋಟೌನ್ ಅನ್ನೋ ದೊಡ್ಡ ರೆಕಾರ್ಡ್ ಕಂಪನಿಯ ಸಂಬಳದ ವಾದ್ಯಗಾರರು ರಾತ್ರಿ ಕದ್ದುಮುಚ್ಚಿ ಗೋಲ್ಡನ್ ವರ್ಲ್ಡ್‌ನಂಥ ಸ್ಟುಡಿಯೋಗಳಲ್ಲಿ ನುಡಿಸುತ್ತಿದ್ದರು. ಸಿಕ್ಕಿಬಿದ್ದರೆ ದಂಡ. ಕದ್ದು ಮಾಡಿದ ಕೆಲಸಕ್ಕೆ ರಸೀದಿ ಯಾರು ಬರೆಯುತ್ತಾರೆ, ಅಲ್ವಾ?

ಆಗ ದಾರಿ ಬದಲಿಸಿದೆ. ಅಮೆರಿಕದಲ್ಲಿ ಧ್ವನಿಮುದ್ರಣಕ್ಕೆ ಫೆಡರಲ್ ಕಾಪಿರೈಟ್ ಬಂದದ್ದೇ 1972ರ ಫೆಬ್ರವರಿಯಲ್ಲಿ. ಅದಕ್ಕೂ ಮುಂಚೆ ನೋಂದಣಿ ಆಗುತ್ತಿದ್ದದ್ದು ಸಾಹಿತ್ಯ, ಸ್ವರ ಮಾತ್ರ. ಅಂದಮೇಲೆ ಕಾಗದ ಇರುವುದು ಟೇಪಿನ ಕಡೆ ಅಲ್ಲ, ಹಾಡು ಬರೆದವರ ಕಡೆ. ಸ್ಟುಡಿಯೋ ದಾಖಲೆ ಕಸದ ಬುಟ್ಟಿ ಸೇರಿರಬಹುದು, ರಾಯಲ್ಟಿ ಕಾಗದವನ್ನು ಯಾರೂ ಎಸೆಯುವುದಿಲ್ಲ. ಹಳೇ ಕಾಪಿರೈಟ್ ಪಟ್ಟಿಗಳ ಸಂಗೀತದ ಸಂಪುಟ ಆರು ತಿಂಗಳಿಗೊಂದು ಬರುತ್ತಿತ್ತು, ಈಗ ಇಂಟರ್ನೆಟ್ ಆರ್ಕೈವ್‌ನಲ್ಲಿ ಪುಕ್ಕಟೆ. ನೋಂದಣಿ ನಂಬರಿನ ಮುಂದೆ ಇಯು ಅಂದರೆ ಅಚ್ಚಾಗದ ಹಾಡು, ಇಪಿ ಅಂದರೆ ಅಚ್ಚಾದದ್ದು. ಹಾಡಿನ ಹೆಸರು ಹಿಡಿದು ಹೋಗಬೇಡಿ, ಹೆಸರು ಬದಲಾಗಿರುತ್ತದೆ. ಬರೆದವರ ಹೆಸರು ಹಿಡಿದು ಹೋಗಿ. ಸ್ಕ್ಯಾನ್ ಪುಟಗಳಲ್ಲಿ ಕಂಪ್ಯೂಟರು ಅಕ್ಷರಗಳನ್ನು ಹಾಳುಗೆಡವಿರುತ್ತದೆ, ಅದಕ್ಕೇ ಬೇಕಂತಲೇ ತಪ್ಪು ಸ್ಪೆಲಿಂಗ್ ಹಾಕಿ ಹುಡುಕಬೇಕು. ಯಾವ ತಪ್ಪು ಅಂತ ಮಾತ್ರ ಕೇಳಬೇಡಿ, ಅದು ನನ್ನ ಬಂಡವಾಳ.

ರೆಕಾರ್ಡ್ ಬಂದಾಗ ಹಾಡು ಬರೆದವನು ಬ್ಯಾಂಕ್ಸ್ ಒಬ್ಬನೇ ಅಂತ ಇತ್ತು. ಇವತ್ತು ಹಾಡು ಬರೆದವರಿಗೆ ರಾಯಲ್ಟಿ ವಸೂಲಿ ಮಾಡಿಕೊಡುವ ಬಿಎಂಐ ಸಂಸ್ಥೆಯ ಪಟ್ಟಿ ತೆಗೆದರೆ ಜೊತೆಗೆ ಡಾನಿ ಎಲ್ಬರ್ಟ್ ಇದ್ದಾನೆ. ಈ ಎರಡನೇ ಹೆಸರು ಎಲ್ಲಿಂದ ನುಗ್ಗಿತು? ಇಬ್ಬರೂ ಬೆಳೆದ ಊರು ಒಂದೇ, ನ್ಯೂಯಾರ್ಕ್ ರಾಜ್ಯದ ಬಫಲೋ. ಎಲ್ಬರ್ಟ್ 1957ರಲ್ಲೇ ಹಿಟ್ ಕೊಟ್ಟ ಗಾಯಕ. ‘ಬೇಬಿ ವಾಕ್ ರೈಟ್ ಇನ್’ ಅನ್ನೋ ತನ್ನ ಹಾಡನ್ನೇ ಹೊಸ ಹೆಸರಲ್ಲಿ ಹಾಡಿದ್ದಾರೆ ಅನ್ನೋದು ಅವನ ವಾದ. ಹಾಡು ಅಮೆರಿಕದ ಜನಪ್ರಿಯ ಹಾಡುಗಳ ಆರ್ ಅಂಡ್ ಬಿ ಪಟ್ಟಿಯಲ್ಲಿ 2ನೇ ಸ್ಥಾನಕ್ಕೆ, ಪಾಪ್ ಪಟ್ಟಿಯಲ್ಲಿ 27ಕ್ಕೆ ಏರಿತ್ತು. ದುಡ್ಡು ಬಂತು, ಜಗಳವೂ ಬಂತು. ಕೊನೆಗೆ ಎಲ್ಬರ್ಟ್‌ಗೂ ಪಾಲು ಸಿಕ್ಕಿತು. ಡೆಟ್ರಾಯಿಟ್ ಹಾಡು ಅಂತ ಎಲ್ಲರೂ ಡೆಟ್ರಾಯಿಟ್‌ನಲ್ಲೇ ತಡಕಾಡುತ್ತಿದ್ದರು. ಬೇರು ಇದ್ದದ್ದು ಬಫಲೋದಲ್ಲಿ. ಡೆಡ್ ವ್ಯಾಕ್ಸ್ ನೋಡುತ್ತಾ ಜನ್ಮ ಕಳೆದರೂ ಇದು ಕಾಣುತ್ತಿರಲಿಲ್ಲ. ನಮ್ಮ ಬಳಗದ ಹಿರಿಯರೊಬ್ಬರು ಇದನ್ನು ಕೇಳಿ ಐದು ನಿಮಿಷ ಮಾತಾಡಲಿಲ್ಲ. ಅವರಿಗೆ ಅದು ದಾಖಲೆಯೇ!

ಇದೇ ದಾರಿ ಇಂಗ್ಲೆಂಡಿನ ಗೊಂದಲಕ್ಕೂ ಆಯಿತು. ಅಲ್ಲಿ ಈ ಹಾಡಿಗೆ ಎರಡು ಲೇಬಲ್. ಡೆಕ್ಕಾ ಕಂಪನಿಯ ಲಂಡನ್ ಲೇಬಲ್ ಮೊದಲು ಕೈ ಹಾಕಿತು, ಹಕ್ಕು ಸಿಕ್ಕಿದ್ದು ಇನ್ನೊಂದು ಕಂಪನಿ ಇಎಂಐಗೆ, ಹಾಡು ಹೊರಬಂದದ್ದು ಅವರ ಸ್ಟೇಟ್‌ಸೈಡ್ ಲೇಬಲ್ಲಿನಲ್ಲಿ. ಲಂಡನ್ ಲೇಬಲ್ಲಿನ ಪ್ರತಿಗಳನ್ನು ವಾಪಸ್ ತೆಗೆದುಕೊಂಡರು. ಅಂಗಡಿಗೆ ಹೋಗಲು ಒತ್ತಿದ್ದ ಅಂಥ ಒಂದು ಪ್ರತಿ 2014ರಲ್ಲಿ ಸುಮಾರು 14,500 ಪೌಂಡಿಗೆ ಹೋಯಿತು. ಆಗಿನ ಲೆಕ್ಕದಲ್ಲಿ ಹದಿನಾಲ್ಕು ಲಕ್ಷ ರೂಪಾಯಿ ಹತ್ತಿರ. ಎರಡೂ ರೆಕಾರ್ಡಿನಲ್ಲಿ ಇರುವುದು ಅದೇ ಹಾಡು ಮಾರಾಯ್ರೆ.

ನಡುವೆ ಇನ್ನೊಂದು ಹುಚ್ಚು ಹತ್ತಿತು. ಒಂದೇ ವಾದ್ಯಮೇಳದ ಟೇಪಿನ ಮೇಲೆ ಬೇರೆ ಬೇರೆಯವರು ಹಾಡಿದ್ದನ್ನು ಕಿವಿಗೆ ಬಿಡದೆ ಕಂಪ್ಯೂಟರಿನಲ್ಲೇ ಹಿಡಿಯಬಹುದಾ ಅಂತ. ಮೊದಲು ಗೊತ್ತಿರುವ ಜೋಡಿ ತೆಗೆದುಕೊಂಡೆ: ಮೋಟೌನ್‌ನ ‘ಡು ಐ ಲವ್ ಯೂ’, ಒಂದು ಫ್ರಾಂಕ್ ವಿಲ್ಸನ್ ಹಾಡಿದ್ದು, ಇನ್ನೊಂದು ಕ್ರಿಸ್ ಕ್ಲಾರ್ಕ್. ಆಡಾಸಿಟಿ ಅನ್ನೋ ಸದ್ದು ತಿದ್ದುವ ಸಾಫ್ಟ್‌ವೇರಿನಲ್ಲಿ ಎರಡನ್ನೂ ಮೇಲೆ ಕೆಳಗೆ ಇಟ್ಟೆ. ಸುಮ್ನೆ ಇಟ್ಟರೆ ಅರ್ಧ ನಿಮಿಷದಲ್ಲಿ ಜಾರಿಹೋಗುತ್ತದೆ, ಕಂಪ್ಯೂಟರಿಗೆ ಇಳಿಸಿದಾಗಿನ ವೇಗ ಒಂದೇ ಇರುವುದಿಲ್ಲವಲ್ಲ. ವೇಗ ಸರಿಮಾಡಿದ ಮೇಲೆ ಡ್ರಮ್ಮಿನ ಏಟುಗಳು ಒಂದರ ಮೇಲೊಂದು ಕೂತವು. ವೇಗವನ್ನು ಯಾವ ಸದ್ದು ಹಿಡಿದು ಅಳೆಯುತ್ತೇನೆ ಅನ್ನೋದನ್ನು ಇನ್ನೊಮ್ಮೆ ಯಾವಾಗಲಾದರೂ ಹೇಳುತ್ತೇನೆ.

ಅದೇ ಪರೀಕ್ಷೆಯನ್ನು ಬ್ಯಾಂಕ್ಸ್ ರೆಕಾರ್ಡಿನ ಹಿಂಬದಿಯ ‘ಅವರ್ ಲವ್ ಈಸ್ ಇನ್ ದ ಪಾಕೆಟ್’ ಮೇಲೆ ಮಾಡಿದ್ದೇನೆ. ಅದನ್ನು ಜೆ. ಜೆ. ಬಾರ್ನ್ಸ್ ಕೂಡ ಹಾಡಿದ್ದಾನೆ. ಫಲಿತಾಂಶ ಸದ್ಯಕ್ಕೆ ನನ್ನ ಹಾರ್ಡ್ ಡಿಸ್ಕಿನಲ್ಲೇ ಇರಲಿ. ಎರಡು ಹೋಳಾದ ಆ ಪ್ರತಿ ಮಾತ್ರ ಬೇಕಾದವರಿಗೆ ಕೊಡುತ್ತೇನೆ, ಪೆನ್ಸಿಲ್ ಉಜ್ಜಿ ಕಲಿಯೋಕೆ ಚೆನ್ನಾಗಿದೆ. ಅಂಚೆ ಖರ್ಚು ನಿಮ್ಮದು.