ನಿಂತಲ್ಲೇ ನಿಂತ ಕಾರಿಗೆ 40,800 ರೂಪಾಯಿ

2025ರ ಆಗಸ್ಟ್ 26, ಗೌರಿ ಹಬ್ಬ. ಬೆಳಿಗ್ಗೆ ಐದೂವರೆಗೆ ಅಮ್ಮನನ್ನು ಕೂರಿಸಿಕೊಂಡು ಕುಣಿಗಲ್ ಹತ್ತಿರದ ನಮ್ಮೂರಿಗೆ ಹೊರಡಬೇಕಿತ್ತು. ಬಾಗಿನದ ಮೊರಗಳನ್ನು ಹಿಂದಿನ ಸೀಟಿನಲ್ಲಿ ಇಟ್ಟಾಗಿತ್ತು. ಕೀ ತಿರುಗಿಸಿದೆ. ಟಕ್ ಟಕ್ ಟಕ್ ಅಂತ ಸದ್ದು ಬಂತು, ಅಷ್ಟೇ. ಮೀಟರಿನ ದೀಪಗಳು ಮಂಕಾಗಿ ಆರಿಹೋದವು.

ಎದುರು ಮನೆಯವರು ತಮ್ಮ ಕಾರು ತಂದು ಪಕ್ಕಕ್ಕೆ ನಿಲ್ಲಿಸಿದರು. ಕೆಂಪು ವೈರನ್ನು ಮೊದಲು ಸತ್ತ ಬ್ಯಾಟರಿಯ ಪ್ಲಸ್‌ಗೆ, ಆಮೇಲೆ ಅವರ ಬ್ಯಾಟರಿಯ ಪ್ಲಸ್‌ಗೆ ಹಾಕಿದೆವು. ಕಪ್ಪು ವೈರಿನ ಒಂದು ತುದಿ ಅವರ ಮೈನಸ್‌ಗೆ, ಇನ್ನೊಂದು ತುದಿ ನನ್ನ ಎಂಜಿನ್ನಿನ ಬರಿ ಲೋಹಕ್ಕೆ. ಎರಡನೇ ಸಲಕ್ಕೆ ಸ್ಟಾರ್ಟ್ ಆಯಿತು. ಆದರೆ ಎಂಜಿನ್ ನಡುಗುತ್ತಿತ್ತು, ಚೆಕ್ ಎಂಜಿನ್ ದೀಪ ಆರಲೇ ಇಲ್ಲ. ಹ್ಯಾಂಡ್ ಬ್ರೇಕ್ ಇಳಿಸಿ ಗೇರ್ ಹಾಕಿದರೆ ಗಾಡಿ ಮುಂದಕ್ಕೆ ಹೋಗದು. ಸ್ವಲ್ಪ ಆಕ್ಸಿಲರೇಟರ್ ಒತ್ತಿದ ಮೇಲೆ ಹಿಂದಿನಿಂದ ಢಣ್ ಅಂತ ಸದ್ದಾಗಿ ಹೊರಟಿತು. ಹತ್ತು ಮನೆ ದಾಟುವಷ್ಟರಲ್ಲಿ ಸುಟ್ಟ ವಾಸನೆ. ಅಲ್ಲೇ ನಿಲ್ಲಿಸಿದೆ. ಮೊರಗಳನ್ನು ಎತ್ತಿಕೊಂಡು ಆಟೋದಲ್ಲಿ ಮೆಜೆಸ್ಟಿಕ್‌ಗೆ ಹೋಗಿ ಬಸ್ಸು ಹಿಡಿದೆವು. ಹಬ್ಬದ ಆ ನೂಕುನುಗ್ಗಲಿನಲ್ಲಿ ಅಮ್ಮ ಒಂದು ಮಾತೂ ಆಡಲಿಲ್ಲ. ಅದೇ ನನಗೆ ಜಾಸ್ತಿ ಬೇಜಾರಾಯಿತು.

ಆ ಕಾರು ಯಾಕೆ ನಿಂತಿತ್ತು ಅಂತ ಹೇಳಿಬಿಡುತ್ತೇನೆ. ನಮ್ಮ ಮನೆ ವಿಜಯನಗರದಲ್ಲಿ, ಕೆಲಸ ವೈಟ್‌ಫೀಲ್ಡ್‌ನಲ್ಲಿ. 2017ರಲ್ಲಿ ಸಣ್ಣ ಪೆಟ್ರೋಲ್ ಕಾರು ತಗೊಂಡಿದ್ದೇ ಆ ಓಡಾಟಕ್ಕೆ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆಗಿ ಮನೆಯಿಂದಲೇ ಕೆಲಸ ಶುರುವಾಯಿತು. ಮತ್ತೆ ಆಫೀಸಿಗೆ ಕರೆದ ಹೊತ್ತಿಗೆ, 2023ರ ಅಕ್ಟೋಬರ್ 9ಕ್ಕೆ, ಬೈಯಪ್ಪನಹಳ್ಳಿಗೂ ಕೆ.ಆರ್. ಪುರಕ್ಕೂ ನಡುವೆ ಉಳಿದಿದ್ದ ಮೆಟ್ರೋ ತುಂಡು ಶುರುವಾಯಿತು. ವಿಜಯನಗರದಲ್ಲಿ ಹತ್ತಿದರೆ ವೈಟ್‌ಫೀಲ್ಡ್‌ನಲ್ಲೇ ಇಳಿಯಬಹುದು. ಆಮೇಲೆ ಕಾರಿನ ಕೀ ಮೊಳೆಗೆ ನೇತುಬಿದ್ದಿತು. ಕಾರು ಮನೆ ಮುಂದಿನ ಹೊಂಗೆ ಮರದ ಕೆಳಗೆ, ಕವರ್ ಹೊದ್ದುಕೊಂಡು ನಿಂತಿತು. 2024ರ ಜೂನ್‌ನಲ್ಲಿ ಸರ್ವಿಸ್ ಆದ ಮೇಲೆ 14 ತಿಂಗಳಲ್ಲಿ ಓಡಿದ್ದು ಬರೀ 620 ಕಿಲೋಮೀಟರ್. ಒಟ್ಟು ಎಂಟು ವರ್ಷಕ್ಕೆ 31,000. ಓಡದ ಗಾಡಿ ಸವೆಯುವುದಿಲ್ಲ ಅಂತ ನಾನು ನಂಬಿದ್ದೆ. ಅದರ ಮುಂದಿನ ವರ್ಷದ ಸರ್ವಿಸನ್ನೂ ಅದೇ ನಂಬಿಕೆಯಲ್ಲಿ ಬಿಟ್ಟೆ.

ಹಬ್ಬ ಮುಗಿಸಿ ಬಂದು ಟೋ ಮಾಡಿಸಿ ಒಂದು ದೊಡ್ಡ ವರ್ಕ್‌ಶಾಪಿಗೆ ಕಳಿಸಿದೆ. ಸಂಜೆ ಫೋನ್ ಬಂತು. ಇಲಿ ವೈರ್ ಕಡಿದಿದೆ, ಪೂರ್ತಿ ಹಾರ್ನೆಸ್, ಅಂದರೆ ವೈರುಗಳ ಇಡೀ ಕಟ್ಟು, ಬದಲಾಯಿಸಬೇಕು, ಬ್ರೇಕಿನ ಕೆಲಸ, ಟೈರು ಎಲ್ಲಾ ಸೇರಿ 74,000 ಆಗುತ್ತೆ ಅಂದರು. ಹಾರ್ನೆಸ್ ಒಂದಕ್ಕೇ 31,000. ನಾನು ಒಪ್ಪಲಿಲ್ಲ. ಮಾರನೇ ದಿನ ಮಾಗಡಿ ರೋಡಿನ ಕಡೆ ನನ್ನ ಗೆಳೆಯ ಹೋಗುವ ಒಂದು ಗ್ಯಾರೇಜಿಗೆ ಸಾಗಿಸಿದೆ. ಎರಡೂ ಸಲದ ಟೋ ಸೇರಿ 1,800 ರೂಪಾಯಿ.

ಅಲ್ಲಿನ ಮೆಕ್ಯಾನಿಕ್ ಐವತ್ತು ದಾಟಿದವರು. ಬಾನೆಟ್ ಎತ್ತಿ ನನ್ನನ್ನು ಹತ್ತಿರ ಕರೆದರು. "ಮೊದಲು ನೀವೇ ನೋಡಿ ಸಾರ್" ಅಂದರು. ಬ್ಯಾಟರಿ ಪಕ್ಕದ ಸಂದಿಯಲ್ಲಿ ಕಡಲೆಕಾಯಿ ಸಿಪ್ಪೆ, ಒಣಗಿದ ಕೊಬ್ಬರಿ ಚೂರು. ಬಾನೆಟ್ ಒಳಗಿನ ಸದ್ದು ತಡೆಯುವ ಹೊದಿಕೆಯನ್ನು ಕಿತ್ತು, ಏರ್ ಫಿಲ್ಟರ್ ಡಬ್ಬಿಯ ಮೇಲೆ ಅಂಗೈಯಗಲದ ಗೂಡು ಕಟ್ಟಿತ್ತು. ಎಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರಿಗೆ ಹೋಗುವ ಮೂರು ವೈರುಗಳ ಪ್ಲಾಸ್ಟಿಕ್ ಸಿಪ್ಪೆ ಪೂರ್ತಿ ಹೋಗಿ ತಾಮ್ರ ಹೊಳೆಯುತ್ತಿತ್ತು. ಒಂದಂತೂ ತುಂಡಾಗಿತ್ತು. ಎಂಜಿನ್ ನಡುಗಿದ್ದು ಅದಕ್ಕೇ. ಒಂದು ಸಿಲಿಂಡರಿಗೆ ಪೆಟ್ರೋಲೇ ಹೋಗುತ್ತಿರಲಿಲ್ಲ. ಅವರು ಹಾರ್ನೆಸ್ ಬದಲಾಯಿಸಲಿಲ್ಲ. ಕೆಟ್ಟ ಭಾಗ ಕತ್ತರಿಸಿ, ಅದೇ ದಪ್ಪದ ವೈರ್ ಬೆಸುಗೆ ಹಾಕಿ, ಸ್ಲೀವ್ ಹಾಕಿ, ಮೇಲೆ ಕೊಳವೆ ತೊಡಿಸಿದರು. 3,800 ರೂಪಾಯಿ. ಇದು ಎಲ್ಲಾ ಕಾರಿಗೂ ಆಗುತ್ತದೆ ಅಂತ ಹೇಳಲಾರೆ. ಏರ್‌ಬ್ಯಾಗ್ ವೈರನ್ನು ಇಲಿ ಮುಟ್ಟಿದ್ದರೆ ನಾನು ಬೆಸುಗೆಗೆ ಒಪ್ಪುತ್ತಿರಲಿಲ್ಲ.

ಇನ್ಶೂರೆನ್ಸ್ ಕ್ಲೇಮ್ ಮಾಡು ಅಂತ ಸುಮಾರು ಜನ ಹೇಳಿದರು. ಒಂದು ಸಂಜೆ ಕೂತು ಲೆಕ್ಕ ಹಾಕಿದೆ. ಐದು ವರ್ಷಕ್ಕೂ ಮೇಲೆ ಕ್ಲೇಮ್ ಮಾಡದ ನನಗೆ 50 ಪರ್ಸೆಂಟ್ ನೋ ಕ್ಲೇಮ್ ಬೋನಸ್ ಇದೆ. ಸ್ವಂತ ಹಾನಿಯ, ಅಂದರೆ ನಮ್ಮ ಕಾರಿಗೇ ಆಗುವ ನಷ್ಟದ, ಪ್ರೀಮಿಯಂ 8,000 ಇದ್ದರೆ ನಾನು ಕಟ್ಟುವುದು 4,000. ಒಂದು ಸಲ ಕ್ಲೇಮ್ ಮಾಡಿದರೆ ಬೋನಸ್ ಸೊನ್ನೆಗೆ ಬರುತ್ತದೆ. ಆಮೇಲೆ ವರ್ಷಕ್ಕೊಂದು ಮೆಟ್ಟಿಲು: 20, 25, 35, 45, ಮತ್ತೆ 50. ಅಂದರೆ ಮೊದಲ ವರ್ಷ 4,000 ಜಾಸ್ತಿ, ಆಮೇಲೆ 2,400, 2,000, 1,200, 400. ಒಟ್ಟು 10,000. ಕಾರಿನ ಬೆಲೆ ವರ್ಷ ವರ್ಷ ಇಳಿಯುವುದರಿಂದ ಇದು ಸ್ವಲ್ಪ ಕಮ್ಮಿ ಆಗಬಹುದು, ಆದರೂ 3,800ಕ್ಕಿಂತ ಎಷ್ಟೋ ಹೆಚ್ಚು. ಕೈಯಿಂದಲೇ ಕೊಟ್ಟೆ. ಪಾಲಿಸಿ ಮುಗಿದು 90 ದಿನದೊಳಗೆ ಮುಂದುವರಿಸದಿದ್ದರೂ ಈ ಬೋನಸ್ ಹೋಗಿಬಿಡುತ್ತದೆ. ಕಾರು ನಿಂತಿದೆ ಅಂತ ಇನ್ಶೂರೆನ್ಸ್ ಬಿಡುವವರು ಇದನ್ನು ನೆನಪಿಡಬೇಕು.

ಬ್ಯಾಟರಿ ಉಳಿಯಲಿಲ್ಲ. ಹೊಸದಕ್ಕೆ, ಹಳೆಯದನ್ನು ಕೊಟ್ಟು, 4,600. ಪ್ರತಿ ಭಾನುವಾರ ನಾನು ಐದು ನಿಮಿಷ ಎಂಜಿನ್ ಓಡಿಸಿ ಆಫ್ ಮಾಡುತ್ತಿದ್ದೆ. ಅಷ್ಟು ಸಾಕು ಅಂದುಕೊಂಡಿದ್ದೆ. ಮೆಕ್ಯಾನಿಕ್ ತಲೆ ಅಲ್ಲಾಡಿಸಿದರು. ಸ್ಟಾರ್ಟರ್ ಒಂದು ಸಲ ತಿರುಗುವಾಗ ನೂರು ಆಂಪಿಯರಿಗೂ ಮೇಲೆ ಎಳೆಯುತ್ತದೆ. ನಿಂತಲ್ಲೇ ಐದು ನಿಮಿಷ ಓಡಿದರೆ ಸರಿಯಾಗಿ ಚಾರ್ಜ್ ಆಗುವುದಿಲ್ಲ. ಜೊತೆಗೆ, ಪೆಟ್ರೋಲ್ ಉರಿದಾಗ ನೀರಿನ ಆವಿ ಬರುತ್ತದೆ. ಎಂಜಿನ್ನೂ ಸೈಲೆನ್ಸರೂ ಚೆನ್ನಾಗಿ ಕಾಯುವ ಮುಂಚೆ ಆಫ್ ಮಾಡಿದರೆ ಆ ನೀರು ಒಳಗೇ ಉಳಿದು ಸೈಲೆನ್ಸರಿಗೆ ತುಕ್ಕು ಹಿಡಿಸುತ್ತದೆ, ಆಯಿಲ್ಲಿಗೂ ಸೇರುತ್ತದೆ. ಆಯಿಲ್ ಮುಚ್ಚಳ ತೆಗೆದು ತೋರಿಸಿದರು. ಒಳಗಡೆ ಮಜ್ಜಿಗೆಯ ಕೆನೆಯಂಥ ತೆಳು ಪದರ. ಎಂಜಿನ್ ಆಯಿಲ್ಲನ್ನು 10,000 ಕಿಲೋಮೀಟರ್ ಇಲ್ಲವೇ ಒಂದು ವರ್ಷ, ಯಾವುದು ಮೊದಲೋ ಅದಕ್ಕೆ ಬದಲಾಯಿಸಬೇಕು ಅಂತ ನನ್ನ ಕಾರಿನ ಪುಸ್ತಕದಲ್ಲೇ ಇದೆ. ನಾನು ಮೊದಲರ್ಧ ಮಾತ್ರ ಓದಿದ್ದೆ. ಆಯಿಲ್, ಫಿಲ್ಟರ್, ಕೂಲೆಂಟ್ ಸೇರಿ 4,300.

ಢಣ್ ಅಂತ ಸದ್ದು ಬಂದಿದ್ದು ಹಿಂದಿನ ಬ್ರೇಕ್ ಡ್ರಮ್ಮಿನಿಂದ. ಮಳೆಗಾಲದಲ್ಲಿ ಹ್ಯಾಂಡ್ ಬ್ರೇಕ್ ಎಳೆದು ವಾರಗಟ್ಟಲೆ ಬಿಟ್ಟಿದ್ದೆ. ಡ್ರಮ್ಮಿನ ಒಳಗೆ ಒತ್ತಿ ಚಕ್ರ ನಿಲ್ಲಿಸುವ ಲೈನರ್ ತುಕ್ಕಿನಿಂದ ಅದಕ್ಕೇ ಅಂಟಿಕೊಂಡಿತ್ತು. ನಾನು ಒತ್ತಿ ಓಡಿಸಿದಾಗ ಲೈನರ್ ಅದರ ತಗಡಿನಿಂದಲೇ ಕಿತ್ತುಬಂದು ಒಳಗೆ ಉಜ್ಜುತ್ತಿತ್ತು. ಸುಟ್ಟ ವಾಸನೆ ಅದರದ್ದೇ. ಮುಂದಿನ ಡಿಸ್ಕುಗಳ ಮೇಲೆ ಪ್ಯಾಡ್ ಕೂತ ಜಾಗ ಬಿಟ್ಟು ಉಳಿದೆಡೆ ಕೆಂಪು ತುಕ್ಕು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಓಡಲಿ ಬಿಡಲಿ ಎರಡು ವರ್ಷಕ್ಕೊಮ್ಮೆ ಬದಲಾಯಿಸಬೇಕು. ನನ್ನದು ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಲೈನರ್, ಡಿಸ್ಕಿನ ಮೈ ತೆಳುವಾಗಿ ಹೆರೆದು ಸಮ ಮಾಡುವ ಸ್ಕಿಮ್ಮಿಂಗ್, ಆಯಿಲ್, ಕೂಲಿ ಸೇರಿ 5,400. ನಿಂತ ಕಾರಿನಲ್ಲಿ ಬ್ರೇಕಿನ ಖರ್ಚಿಗೆ ಮಾತ್ರ ಯಾರೂ ಚೌಕಾಸಿ ಮಾಡಬಾರದು. ಅವತ್ತು ಅಮ್ಮನ ಜೊತೆ ಹಾಗೇ ನೆಲಮಂಗಲದ ಹೈವೇಗೆ ಇಳಿದಿದ್ದರೆ ಏನಾಗುತ್ತಿತ್ತು ಅಂತ ಈಗಲೂ ಯೋಚನೆ ಬರುತ್ತದೆ.

ನಾನು ಊಹಿಸದೇ ಇದ್ದದ್ದು ನೀರು. ಎಡಗಡೆ ಮುಂದಿನ ಸೀಟಿನ ಕೆಳಗೆ ಕಾರ್ಪೆಟ್ ಒತ್ತಿದರೆ ಪಿಚಕ್ ಅಂತ ನೀರು ಮೇಲೆ ಬರುತ್ತಿತ್ತು. ಗಾಜು ಮುಚ್ಚಿತ್ತು, ಡೋರಿನ ರಬ್ಬರ್ ಚೆನ್ನಾಗಿತ್ತು. ಮೆಕ್ಯಾನಿಕ್ ವೈಪರ್ ಕೆಳಗಿನ ಕಪ್ಪು ಪ್ಲಾಸ್ಟಿಕ್ ಜಾಲರಿ ಬಿಚ್ಚಿದರು. ಅದರಡಿ ಮಳೆನೀರು ಹರಿದುಹೋಗಲು ಒಂದು ಕಾಲುವೆ, ಕೊನೆಯಲ್ಲಿ ತೂತು. ಆ ತೂತಿನಲ್ಲಿ ಹೊಂಗೆ ಹೂವು! ಏಪ್ರಿಲ್‌, ಮೇ ತಿಂಗಳಲ್ಲಿ ನಮ್ಮ ಬೀದಿಯಲ್ಲಿ ಆ ಹೂವು ಅಕ್ಕಿ ಚೆಲ್ಲಿದ ಹಾಗೆ ಬೀಳುತ್ತದೆ. ನೋಡಲು ಎಷ್ಟು ಚೆಂದ ಅಲ್ವಾ. ಕವರ್ ತೆಗೆದು ಹಾಕುವಾಗೆಲ್ಲ ಉದುರಿದ ಹೂವು ಅಲ್ಲಿ ಸೇರಿ, ಮಳೆಗೆ ಕೊಳೆತು, ಕಪ್ಪು ಗೊಬ್ಬರದ ಉಂಡೆಯಾಗಿ ತೂತು ಮುಚ್ಚಿತ್ತು. ನೀರು ಬೇರೆ ದಾರಿ ಇಲ್ಲದೆ ಬ್ಲೋವರ್ ಮೂಲಕ ಒಳಗೆ ಬಂದಿತ್ತು. ಸೀಟು ಬಿಚ್ಚಿ, ಕಾರ್ಪೆಟ್ ಎರಡು ದಿನ ಬಿಸಿಲಿಗೆ ಹಾಕಿ, ಸೀಟ್ ಬೆಲ್ಟಿನ ಬೂಷ್ಟು ತೊಳೆದು ಕೊಟ್ಟರು. 2,400.

ಟೈರಿಗೇ ಅತಿ ದೊಡ್ಡ ದುಡ್ಡು ಹೋಯಿತು. ರಸ್ತೆಗೆ ತಾಗುವ ಮೈಮೇಲಿನ ಗೀರು ಇನ್ನೂ ಆಳವಾಗಿತ್ತು, ನನ್ನ ಕಣ್ಣಿಗೆ ಹೊಸದರ ಹಾಗೇ ಇತ್ತು. ಟೈರಿನ ಪಕ್ಕೆಯಲ್ಲಿ ಡಾಟ್ ಅಂತ ಬರೆದ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತವೆ. ನನ್ನದರಲ್ಲಿ 2217. ಅಂದರೆ 2017ರ 22ನೇ ವಾರ ತಯಾರಾದದ್ದು. ಆ ಅಂಕಿ ಒಂದೇ ಬದಿಗೆ ಇರಬಹುದು, ಕಾಣದಿದ್ದರೆ ಬಗ್ಗಿ ಒಳಬದಿ ನೋಡಬೇಕು. ಎಂಟು ವರ್ಷಕ್ಕೆ ರಬ್ಬರ್ ಗಟ್ಟಿಯಾಗಿ, ಪಕ್ಕೆಯಲ್ಲಿ ಬಿಸಿಲಿಗೆ ಒಡೆದ ಕೆರೆಯಂಗಳದ ಹಾಗೆ ಸಣ್ಣ ಬಿರುಕುಗಳಿದ್ದವು. ಗಾಳಿ ಕಮ್ಮಿಯಾಗಿ ಒಂದೇ ಕಡೆ ಭಾರ ಬಿದ್ದು ನೆಲಕ್ಕೆ ತಾಗಿದ ಜಾಗ ಚಪ್ಪಟೆಯಾಗಿತ್ತು. ಜೆ.ಸಿ. ರೋಡಿನಲ್ಲಿ ನಾಲ್ಕು ಅಂಗಡಿ ಸುತ್ತಿದೆ. ಒಂದಕ್ಕೆ 4,400ರಂತೆ ನಾಲ್ಕಕ್ಕೆ 17,600, ಅಲೈನ್‌ಮೆಂಟು ಬ್ಯಾಲೆನ್ಸಿಂಗು 900. ಹೊಸದು ಕೊಳ್ಳುವಾಗಲೂ ಆ ನಾಲ್ಕಂಕಿ ನೋಡಿಯೇ ತಗೊಂಡೆ. ಒಂದು ಅಂಗಡಿಯಲ್ಲಿ ಎರಡು ವರ್ಷ ಹಳೆಯದನ್ನು ಹೊಸದು ಅಂತ ತೋರಿಸಿದ್ದರು.

ಎಲ್ಲಾ ಕೂಡಿದರೆ 40,800. ಓಡಿಸಿದ 620 ಕಿಲೋಮೀಟರಿಗೆ ಹಂಚಿದರೆ ಕಿಲೋಮೀಟರಿಗೆ 65 ರೂಪಾಯಿಗೂ ಮೇಲೆ. ಪೆಟ್ರೋಲ್, ಇನ್ಶೂರೆನ್ಸ್ ಬೇರೆ. ಆ ಆಗಸ್ಟ್ ಒಂದರಿಂದ ಬೆಂಗಳೂರಿನಲ್ಲಿ ಆಟೋ ಮೀಟರ್ ದರ ಮೊದಲ ಎರಡು ಕಿಲೋಮೀಟರಿಗೆ 36, ಆಮೇಲೆ ಕಿಲೋಮೀಟರಿಗೆ 18 ರೂಪಾಯಿ ಆಗಿತ್ತು. ಹೆಂಡತಿ ಈ ಎರಡು ಅಂಕಿ ಪಕ್ಕಪಕ್ಕ ಬರೆದು, ಮಾರಿಬಿಡೋಣ್ವಾ ಅಂತ ಕೇಳಿದಳು. ಕೇಳಿದ್ದು ಸರಿಯಾಗೇ ಇತ್ತು. ಅಮ್ಮನ ಮಂಡಿನೋವು, ಊರಿನ ಓಡಾಟ, ರಾತ್ರಿ ಹೊತ್ತು ಆಸ್ಪತ್ರೆಗೆ ಹೋಗಬೇಕಾದರೆ ಮನೆ ಮುಂದೆ ಒಂದು ಗಾಡಿ ಇರಲಿ ಅನ್ನೋ ಧೈರ್ಯ, ಇವೆಲ್ಲ ನೋಡಿ ಇಟ್ಟುಕೊಂಡೆವು. ಇಟ್ಟುಕೊಂಡ ಮೇಲೆ ಓಡಿಸಲೇಬೇಕು.

ಈಗ ಎರಡು ವಾರಕ್ಕೊಮ್ಮೆ ಭಾನುವಾರ ಬೆಳಿಗ್ಗೆ ಬಿಡದಿಗೆ ಹೋಗಿ ತಟ್ಟೆ ಇಡ್ಲಿ ತಿಂದು ಬರುತ್ತೇವೆ. ಹೋಗಿ ಬರಲು 55 ಕಿಲೋಮೀಟರ್ ಆಸುಪಾಸು. ಎಸಿ ಹಾಕಿಕೊಂಡೇ ಹೋಗುತ್ತೇನೆ, ಇಲ್ಲದಿದ್ದರೆ ಕಂಪ್ರೆಸರಿನ ಸೀಲ್ ಒಣಗುತ್ತದೆ. ಖಾಲಿ ರಸ್ತೆ ಸಿಕ್ಕಾಗ ಎರಡು ಮೂರು ಸಲ ಗಟ್ಟಿಯಾಗಿ ಬ್ರೇಕ್ ಹಾಕಿದರೆ ಡಿಸ್ಕಿನ ತುಕ್ಕು ತಾನೇ ಹೋಗುತ್ತದೆ. ಬಂದ ಮೇಲೆ ಹ್ಯಾಂಡ್ ಬ್ರೇಕ್ ಎಳೆಯುವುದಿಲ್ಲ. ನಮ್ಮ ಬೀದಿ ಸಮತಟ್ಟು, ಒಂದನೇ ಗೇರಿಗೆ ಹಾಕಿ ಚಕ್ರಕ್ಕೆ ಮರದ ಬೆಣೆ ಇಡುತ್ತೇನೆ. ವೈಪರ್ ಕೆಳಗೆ ಕೈ ಹಾಕಿ ಹೂವು, ಎಲೆ ತೆಗೆಯುತ್ತೇನೆ. ಬಾನೆಟ್ ಒಳಗೆ ಹೊಗೆಸೊಪ್ಪು ಕಟ್ಟಿದ್ದೇನೆ, ಗಾಳಿ ಹೋಗುವ ಬಾಯಿಗೆ ಕಬ್ಬಿಣದ ಜಾಲರಿ ಹಾಕಿಸಿದ್ದೇನೆ. ಹೊಗೆಸೊಪ್ಪಿಗಿಂತ ಜಾಲರಿಯ ಮೇಲೆ ನನಗೆ ನಂಬಿಕೆ ಜಾಸ್ತಿ. ಕವರ್ ತೆಗೆದುಬಿಟ್ಟೆ. ಅದರಡಿ ತೇವವೂ ಇಲಿಯೂ ಎರಡೂ ಸುಖವಾಗಿದ್ದವು.

ಒಂದು ಮಲ್ಟಿಮೀಟರ್ ತಗೊಂಡೆ. ರಾತ್ರಿಯಿಡೀ ನಿಂತ ಮೇಲೆ ಬೆಳಿಗ್ಗೆ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ನೆಮ್ಮದಿ. 12.4ಕ್ಕಿಂತ ಇಳಿದರೆ ಆ ವಾರವೇ ಓಡಿಸುತ್ತೇನೆ. ಆಫ್ ಆಗಿದ್ದಾಗಲೂ ಗಡಿಯಾರ, ಅಲಾರಂ, ಲಾಕ್ ಸೇರಿ ನನ್ನ ಕಾರು 40 ಮಿಲಿ ಆಂಪಿಯರ್ ಎಳೆಯುತ್ತದೆ. ದಿನಕ್ಕೆ ಸುಮಾರು ಒಂದು ಆಂಪಿಯರ್ ಅವರ್. ಬ್ಯಾಟರಿ ಇರುವುದೇ 35ರದ್ದು. ಮೂರು ನಾಲ್ಕು ವಾರಕ್ಕೆ ಸ್ಟಾರ್ಟ್ ಆಗುವ ಶಕ್ತಿ ಹೋಗುವುದು ಹೀಗೆ.

ಹೋದ ವಾರ ಎದುರು ಮನೆಯವರು ಆರು ತಿಂಗಳಿಗೆ ಮಗಳ ಮನೆಗೆ ಹೊರಟರು, ದೂರದ ದೇಶ. ಅವತ್ತು ಜಂಪ್ ಸ್ಟಾರ್ಟ್ ಮಾಡಿಕೊಟ್ಟ ಅದೇ ಕಾರು ಕವರ್ ಹೊದ್ದು ಹೊಂಗೆ ಮರದ ಕೆಳಗೆ ನಿಂತಿತ್ತು. ಕೀ ಕೊಡಲು ಬಂದವರನ್ನು ಹತ್ತು ನಿಮಿಷ ನಿಲ್ಲಿಸಿಕೊಂಡೆ. ಇಬ್ಬರೂ ಸೇರಿ ಕವರ್ ತೆಗೆದೆವು. ಗಾಡಿಯನ್ನು ನಮ್ಮ ಗೇಟಿನ ಒಳಗೆ ತಂದೆವು. ಟೈರಿಗೆ ಗಾಳಿ ಹಾಕಿ, ಬೆಣೆ ಇಟ್ಟು, ಹ್ಯಾಂಡ್ ಬ್ರೇಕ್ ಇಳಿಸಿದೆವು. ಹತ್ತನೇ ನಂಬರ್ ಸ್ಪ್ಯಾನರಿನಲ್ಲಿ ಬ್ಯಾಟರಿಯ ಮೈನಸ್ ಬಿಚ್ಚಿ ಬಟ್ಟೆ ಸುತ್ತಿದೆ. ಸ್ಟೆಪ್ನಿಯ ನಾಲ್ಕಂಕಿ ಓದಲು ಅವರು ಕನ್ನಡಕ ಹುಡುಕುತ್ತಿದ್ದರು, ನಾನು ಟಾರ್ಚ್ ಹಿಡಿದೆ. 0918 ಅಂತಿತ್ತು.