ಲಿನಕ್ಸ್ ಕಂಪ್ಯೂಟರಿಗೆ ಐಪಿ ವಿಳಾಸ ತಾನಾಗಿಯೇ ದೊರೆಯುವಂತೆ ಮಾಡುವುದು

ಕಚೇರಿಯಿಂದ ಮನೆಗೆ ತಂದ ಕಂಪ್ಯೂಟರ್, ರೂಟರಿಗೆ ಕೇಬಲ್ ಜೋಡಿಸಿದ ಮೇಲೂ ಇಂಟರ್‌ನೆಟ್‌ಗೆ ಸೇರುತ್ತಿಲ್ಲವೆಂದರೆ, ಹಿಂದಿನ ಜಾಗದ ಐಪಿ ವಿಳಾಸವನ್ನು ಯಾರೋ ಅದರಲ್ಲಿ ಕೈಯಾರೆ ನಮೂದಿಸಿಟ್ಟಿರಬಹುದು. ಅದನ್ನು ಡಿಎಚ್‌ಸಿಪಿಗೆ, ಅಂದರೆ ರೂಟರೇ ವಿಳಾಸ ಕೊಡುವ ವ್ಯವಸ್ಥೆಗೆ, ಬದಲಿಸುವುದು ಎರಡು ನಿಮಿಷದ ಕೆಲಸ. ಆದರೆ ಹಳೆಯ ನಮೂದುಗಳನ್ನು ಅಳಿಸದೆ ವಿಧಾನವನ್ನಷ್ಟೇ ಬದಲಿಸಿದರೆ ಆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ.

ಡಿಎಚ್‌ಸಿಪಿಯ ಈಗಿನ ನಿಯಮಗಳು 1997ರ ಆರ್‌ಎಫ್‌ಸಿ 2131 ಎಂಬ ಇಂಟರ್‌ನೆಟ್ ಮಾನದಂಡದ ದಾಖಲೆಯಲ್ಲಿವೆ. ತನಗಿನ್ನೂ ವಿಳಾಸವಿಲ್ಲದ ಕಾರಣ ಕಂಪ್ಯೂಟರ್ 0.0.0.0 ಎಂಬ ವಿಳಾಸದಿಂದ 255.255.255.255ಕ್ಕೆ, ಅಂದರೆ ಆ ನೆಟ್‌ವರ್ಕಿನಲ್ಲಿರುವ ಎಲ್ಲರಿಗೂ ಕೇಳುವಂತೆ, ಕೋರಿಕೆ ಕಳುಹಿಸುತ್ತದೆ. ರೂಟರು ಖಾಲಿಯಿರುವ ವಿಳಾಸವೊಂದನ್ನು ಮುಂದಿಡುತ್ತದೆ, ಕಂಪ್ಯೂಟರ್ ಅದನ್ನೇ ಕೊಡಬೇಕೆಂದು ಕೇಳುತ್ತದೆ, ರೂಟರು ಒಪ್ಪಿಗೆ ನೀಡುತ್ತದೆ. ಹೀಗೆ ಸಿಕ್ಕಿದ್ದು ಬಾಡಿಗೆಯ ವಿಳಾಸ. ಅವಧಿಯ ಅರ್ಧ ಕಳೆಯುತ್ತಿದ್ದಂತೆ ಕಂಪ್ಯೂಟರ್ ತಾನೇ ನವೀಕರಣಕ್ಕೆ ಕೇಳಿಕೊಳ್ಳುತ್ತದೆ.

ಗ್ನೋಮ್ ಡೆಸ್ಕ್‌ಟಾಪ್ ಇರುವ ಉಬುಂಟು ಅಥವಾ ಫೆಡೋರಾದಲ್ಲಿ ಸೆಟ್ಟಿಂಗ್ಸ್ ತೆರೆದು, ನೆಟ್‌ವರ್ಕ್ ವಿಭಾಗದಲ್ಲಿ ನಿಮ್ಮ ಸಂಪರ್ಕದ ಪಕ್ಕದ ಹಲ್ಲುಚಕ್ರದ ಚಿಹ್ನೆಯನ್ನು ಒತ್ತಿ, ಐಪಿವಿ4 ಪುಟದಲ್ಲಿ ಮ್ಯಾನ್ಯುಯಲ್ ಬದಲಿಗೆ ಆಟೋಮ್ಯಾಟಿಕ್ ಆಯ್ದುಕೊಳ್ಳಿ. ಅಲ್ಲೇ ಕೆಳಗಿರುವ ಡಿಎನ್‌ಎಸ್ (ಜಾಲತಾಣದ ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ ಸರ್ವರ್) ಚೌಕದಲ್ಲಿ ಹಳೆಯ ಅಂಕಿಗಳಿದ್ದರೆ ಅಳಿಸಿ, ಅದನ್ನೂ ಆಟೋಮ್ಯಾಟಿಕ್ ಮಾಡಿ. ಅಪ್ಲೈ ಒತ್ತಿದ ಮಾತ್ರಕ್ಕೆ ಬದಲಾವಣೆ ಜಾರಿಗೆ ಬರುವುದಿಲ್ಲ. ಸಂಪರ್ಕವನ್ನು ಒಮ್ಮೆ ಆರಿಸಿ ಮತ್ತೆ ಹೊತ್ತಿಸಬೇಕು.

ಡೆಸ್ಕ್‌ಟಾಪ್ ಇಲ್ಲದೆ, ಸಂಪರ್ಕಗಳನ್ನು ನಿಭಾಯಿಸುವ ನೆಟ್‌ವರ್ಕ್ ಮ್ಯಾನೇಜರ್ ಎಂಬ ತಂತ್ರಾಂಶ ಮಾತ್ರ ಇರುವ ಕಡೆ ಟರ್ಮಿನಲ್‌ನಲ್ಲಿ ಎನ್‌ಎಂಟಿಯುಐ ಎಂಬ ಐದಕ್ಷರದ ಆದೇಶ ನೀಡಿದರೆ ಬಾಣದ ಕೀಲಿಗಳಿಂದ ಓಡಾಡಬಹುದಾದ ಪರದೆ ಬರುತ್ತದೆ. ಐಪಿವಿ4 ಸಾಲನ್ನು ಆಟೋಮ್ಯಾಟಿಕ್‌ಗೆ ಬದಲಿಸಿದ ಮೇಲೆ, ಅದರ ಬಲಕ್ಕಿರುವ ಶೋ ಗುಂಡಿಯನ್ನು ಒತ್ತುವುದನ್ನು ಮರೆಯಬೇಡಿ. ಕೈಯಾರೆ ಬರೆದ ವಿಳಾಸ, ಗೇಟ್‌ವೇ (ಹೊರಗಿನ ಇಂಟರ್‌ನೆಟ್‌ಗೆ ದಾರಿಯಾಗುವ ರೂಟರಿನ ವಿಳಾಸ) ಮತ್ತು ಡಿಎನ್‌ಎಸ್ ಎಲ್ಲವೂ ಅಲ್ಲಿ ಹಾಗೆಯೇ ಉಳಿದಿರುತ್ತವೆ ಮತ್ತು ಹೊಸ ವಿಳಾಸದ ಜೊತೆಗೆ ಅವೂ ಜಾರಿಯಲ್ಲಿರುತ್ತವೆ. ನಾನೊಮ್ಮೆ ಡೆಬಿಯನ್ ಯಂತ್ರವೊಂದರಲ್ಲಿ ವಿಳಾಸವನ್ನೂ ಗೇಟ್‌ವೇಯನ್ನೂ ತೆಗೆದು ಡಿಎನ್‌ಎಸ್ ಮರೆತಿದ್ದೆ. ಪ್ರತಿ ಜಾಲತಾಣವೂ ತೆರೆಯುವ ಮುನ್ನ ಹಲವು ಸೆಕೆಂಡು ಕಾಯಿಸುತ್ತಿತ್ತು. ಎಲ್ಲೂ ಇಲ್ಲದ ಹಳೆಯ ಸರ್ವರಿನ ಉತ್ತರಕ್ಕಾಗಿ ಅದು ಕಾಯುತ್ತಿದೆಯೆಂದು ಹೊಳೆಯುವವರೆಗೆ ನಾನು ರೂಟರನ್ನೇ ಬೈಯುತ್ತಿದ್ದೆ.

ಉಬುಂಟು ಸರ್ವರಿನಲ್ಲಿ ಈ ಕೆಲಸ ನೆಟ್‌ಪ್ಲಾನ್ ಎಂಬ ಸಾಧನದ್ದು. ಇಟಿಸಿ ಫೋಲ್ಡರಿನೊಳಗಿನ ನೆಟ್‌ಪ್ಲಾನ್ ಫೋಲ್ಡರಿನ ಯಾಮಲ್ ಕಡತದಲ್ಲಿ ಡಿಎಚ್‌ಸಿಪಿ4 ಎಂಬುದರ ಮುಂದೆ ಟ್ರೂ ಎಂದು ಬರೆದು, ಅಡ್ರೆಸಸ್ ಸಾಲುಗಳನ್ನು ತೆಗೆಯಬೇಕು. ಸಾಲನ್ನು ಒಳಸರಿಸಲು ಸ್ಪೇಸ್ ಮಾತ್ರ ಬಳಸಿ, ಟ್ಯಾಬ್ ಬೇಡ. ನೆಟ್‌ಪ್ಲಾನ್ ಅಪ್ಲೈ ಎನ್ನುವ ಬದಲು ನೆಟ್‌ಪ್ಲಾನ್ ಟ್ರೈ ಎನ್ನುವುದು ಜಾಣತನ; 120 ಸೆಕೆಂಡುಗಳೊಳಗೆ ನೀವು ಖಚಿತಪಡಿಸದಿದ್ದರೆ ಅದು ಹಳೆಯ ಸ್ಥಿತಿಗೆ ಮರಳುತ್ತದೆ. ದೂರದಿಂದ ಎಸ್‌ಎಸ್‌ಎಚ್ ಮೂಲಕ ಕೆಲಸ ಮಾಡುವಾಗಲಂತೂ ವಿಳಾಸ ಬದಲಾದ ಕೂಡಲೇ ನಿಮ್ಮ ಸಂಪರ್ಕ ಕಡಿದುಹೋಗುತ್ತದೆ. ಆದ್ದರಿಂದ ಸಾಧ್ಯವಾದರೆ ಯಂತ್ರದ ಮುಂದೆಯೇ ಕುಳಿತು ಮಾಡಿ.

ಕೊನೆಗೆ ಐಪಿ ಎಂದು ಬರೆದು, ಜಾಗ ಬಿಟ್ಟು ಎ ಎಂಬ ಒಂದಕ್ಷರ ಸೇರಿಸಿ ಪರೀಕ್ಷಿಸಿ. ಇನೆಟ್ ಎಂದು ಶುರುವಾಗುವ ಸಾಲಿನಲ್ಲಿ 192.168.1.23ರಂತಹ ವಿಳಾಸದ ಜೊತೆ ಡೈನಾಮಿಕ್ ಎಂಬ ಪದವಿದ್ದು, ಕೆಳಗಿನ ಸಾಲಿನ ಸೆಕೆಂಡುಗಳು ಪ್ರತಿ ಬಾರಿ ನೋಡಿದಾಗಲೂ ಇಳಿಯುತ್ತಿದ್ದರೆ ವಿಳಾಸ ಡಿಎಚ್‌ಸಿಪಿಯಿಂದಲೇ ಬಂದಿದೆ. ಅಲ್ಲಿ ಫಾರೆವರ್ ಎಂದಿರುವ ಇನ್ನೊಂದು ವಿಳಾಸ ಕಂಡರೆ ಹಳೆಯದು ಇನ್ನೂ ಕುಳಿತಿದೆ ಎಂದರ್ಥ, 127.0.0.1 ಮಾತ್ರ ಯಾವಾಗಲೂ ಹಾಗೆಯೇ ಇರುತ್ತದೆ. ನಿಮ್ಮ ನೆಟ್‌ವರ್ಕ್ ಕಾರ್ಡಿನ ಕೆಳಗೆ ಇನೆಟ್ ಸಾಲೇ ಇಲ್ಲದಿದ್ದರೆ ರೂಟರಿನಿಂದ ಉತ್ತರ ಬಂದಿಲ್ಲ. ಕೇಬಲ್, ರೂಟರಿನ ಡಿಎಚ್‌ಸಿಪಿ ಸೆಟ್ಟಿಂಗ್, ಈ ಕ್ರಮದಲ್ಲಿ ಹುಡುಕಿ.

ಆ ಕಂಪ್ಯೂಟರಿಗೆ ಪ್ರಿಂಟರ್ ಜೋಡಿಸಿ ಮನೆಮಂದಿಯೆಲ್ಲ ಬಳಸುವುದಾದರೆ ಅದರ ವಿಳಾಸ ಬದಲಾಗುತ್ತಿರುವುದು ತೊಂದರೆಯೇ. ಹಾಗಿದ್ದರೂ ಕಂಪ್ಯೂಟರಿನಲ್ಲಿ ಏನನ್ನೂ ಮುಟ್ಟದೆ, ರೂಟರಿನ ಪುಟದಲ್ಲಿ ಅದರ ಮ್ಯಾಕ್ ವಿಳಾಸಕ್ಕೆ, ಅಂದರೆ ನೆಟ್‌ವರ್ಕ್ ಕಾರ್ಡಿನ ಗುರುತಿನ ಸಂಖ್ಯೆಗೆ, ಒಂದು ಐಪಿಯನ್ನು ಕಾಯ್ದಿರಿಸಿ. ಡಿಎಚ್‌ಸಿಪಿ ಕೇಳಿದಾಗಲೆಲ್ಲ ಅದಕ್ಕೆ ಅದೇ ವಿಳಾಸ ಸಿಗುತ್ತದೆ.