ಅಗ್ಗದ ಬೇಸ್ ಗಿಟಾರಿಗೆ ಹೊಸ ಪಿಕಪ್ ಹಾಕಿದ ಅನುಭವ

ರಾಜಾಜಿನಗರದ ಗಣೇಶೋತ್ಸವದ ಪೆಂಡಾಲಿನಲ್ಲಿ ಗಾಯಕಿ ಆಲಾಪ ಎತ್ತಿಕೊಂಡು ವಾದ್ಯಗಳೆಲ್ಲ ಸುಮ್ಮನಾದಾಗ ನನ್ನ ಬೇಸ್ ಮಾತ್ರ ಗುಂಯ್ ಎನ್ನುತ್ತಿತ್ತು. ಸುತ್ತಲೂ ಸೀರಿಯಲ್ ಸೆಟ್ಟು, ತಲೆಯ ಮೇಲೆ ಡಿಮ್ಮರ್‌ಗೆ ಜೋಡಿಸಿದ ದೀಪಗಳು. ಕಾರ್ಯಕ್ರಮ ಮುಗಿದ ಮೇಲೆ ನಮ್ಮ ತಂಡದ ಕೀಬೋರ್ಡ್ ವಾದಕರು ಹತ್ತಿರ ಬಂದರು. ವಯಸ್ಸಿನಲ್ಲಿ ಹಿರಿಯರು. "ಲಯ ಚೆನ್ನಾಗಿದೆಯಪ್ಪಾ. ಆದರೆ ಯಾವ ಸ್ವರ ಎನ್ನುವುದೇ ತಿಳಿಯುವುದಿಲ್ಲ, ಬರೀ ದಢದಢ ಕೇಳಿಸುತ್ತದೆ" ಎಂದರು. ಆ ಮಾತು ಮನಸ್ಸಿನಲ್ಲಿ ಉಳಿದುಬಿಟ್ಟಿತು.

ಅವರು ಹೇಳಿದ್ದಕ್ಕೂ ಆ ಗುಂಯ್ ಸದ್ದಿಗೂ ನಂಟಿದೆ. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಸಲ ಕಂಪಿಸುತ್ತದೆ. ಬೇಸ್‌ನ ಅತಿ ದಪ್ಪ ತಂತಿ ಸುಮಾರು 41 ಸಲ, ಅದರ ಪಕ್ಕದ್ದು 55 ಸಲ. ಅಂದರೆ ಕರೆಂಟಿನ ಸದ್ದು ಬಂದು ಕೂರುವುದು ನನ್ನ ಎರಡು ಮುಖ್ಯ ತಂತಿಗಳ ನಡುವೆಯೇ.

ಗಿಟಾರ್ ಕೊಂಡದ್ದು 11,000 ರೂಪಾಯಿಗೆ. ನೆಕ್, ಅಂದರೆ ಬೆರಳೊತ್ತುವ ಉದ್ದನೆಯ ಹಿಡಿ, ನೇರವಾಗಿದೆ; ಅದರ ಮೇಲಿನ ಲೋಹದ ಅಡ್ಡಪಟ್ಟಿಗಳು (ಫ್ರೆಟ್‌ಗಳು) ಸಮವಾಗಿವೆ, ಕೈಗೆ ಒಗ್ಗಿದೆ. ನೆಕ್ ಬಾಗಿದ್ದರೆ ಇದಕ್ಕೆ ಒಂದು ರೂಪಾಯಿಯನ್ನೂ ಹಾಕುತ್ತಿರಲಿಲ್ಲ. ಇದು ಫೆಂಡರ್ ಕಂಪನಿ 1960ರಲ್ಲಿ ತಂದ ಜಾಝ್ ಬೇಸ್ ಮಾದರಿಯ ವಾದ್ಯ. ಒಂಟಿ ಸುರುಳಿಯ ಎರಡು ಪಿಕಪ್‌ಗಳು. ಪಿಕಪ್ ಎಂದರೆ ಅಯಸ್ಕಾಂತದ ಸುತ್ತ ತೆಳು ಎಳೆ ಸುತ್ತಿದ ಸುರುಳಿ; ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವುದು ಇದೇ. ಈ ಮಾದರಿಯ ಒಳ್ಳೆಯ ಜೋಡಿಯಲ್ಲಿ ಒಂದರ ಸುರುಳಿ ಇನ್ನೊಂದಕ್ಕೆ ವಿರುದ್ಧ ದಿಕ್ಕಿಗೆ ಸುತ್ತಿರುತ್ತದೆ, ಅಯಸ್ಕಾಂತದ ಧ್ರುವವೂ ತಿರುವುಮುರುವು. ಹೊರಗಿನ ಗುಂಯ್ ಸದ್ದಿಗೆ ಸುರುಳಿಯ ದಿಕ್ಕು ಮಾತ್ರ ಲೆಕ್ಕ, ಆದ್ದರಿಂದ ಅದು ಪರಸ್ಪರ ವಜಾ ಆಗುತ್ತದೆ. ತಂತಿಯ ನಾದಕ್ಕೆ ಸುರುಳಿ, ಧ್ರುವ ಎರಡೂ ಲೆಕ್ಕ, ಆದ್ದರಿಂದ ಅದು ಕೂಡಿಕೊಳ್ಳುತ್ತದೆ. ಎರಡೂ ವಾಲ್ಯೂಮನ್ನು ಸಮನಾಗಿಟ್ಟರೆ ವಾದ್ಯ ಶಾಂತವಾಗಬೇಕು. ನನ್ನದು ಆಗುತ್ತಿರಲಿಲ್ಲ. ಮಗಳ ದಿಕ್ಸೂಚಿಯನ್ನು ಎರಡು ಪಿಕಪ್‌ಗಳ ಮೇಲೂ ಹಿಡಿದು ನೋಡಿದೆ: ಮುಳ್ಳಿನ ಕೆಂಪು ತುದಿ ಎರಡರ ಕಡೆಗೂ ವಾಲಿತು. ಒಂದೇ ಧ್ರುವ. ಒಂದೇ ಪಿಕಪ್ಪನ್ನು ಎರಡು ಕಡೆ ಕೂರಿಸಿದ್ದಾರೆ ಎಂದು ಅಲ್ಲಿಗೆ ಖಾತ್ರಿಯಾಯಿತು.

ಆಲ್ನಿಕೊ ಎಂಬ ಮಿಶ್ರಲೋಹದ ಅಯಸ್ಕಾಂತವಿರುವ ಪಿಕಪ್‌ಗಳ ಒಂದು ಜೋಡಿಯನ್ನು 6,500 ರೂಪಾಯಿಗೆ ತರಿಸಿದೆ. ಇಲ್ಲೊಂದು ವಿಷಯ ಗಮನಿಸಿ. ಮೂಲ ಜಾಝ್ ಬೇಸ್ ಅಳತೆಯಲ್ಲಿ ಬ್ರಿಡ್ಜ್ (ತಂತಿಗಳ ಬುಡ ಕೂರುವ ಲೋಹದ ಭಾಗ) ಬದಿಯ ಪಿಕಪ್ ಇನ್ನೊಂದಕ್ಕಿಂತ ಎರಡು-ಮೂರು ಮಿಲಿಮೀಟರ್ ಉದ್ದ. ನನ್ನ ಗಿಟಾರಿನಲ್ಲಿ ಪಿಕಪ್ ಕೂರುವ ಎರಡೂ ಗುಳಿಗಳು ಒಂದೇ ಅಳತೆಯವು. ಮೊದಲೇ ಅಳೆಯದ ತಪ್ಪಿಗೆ ಅರ್ಧ ದಿನ ಕೂತು ಅರದಿಂದ ಮರ ಉಜ್ಜಿದೆ.

ನನ್ನ ಬಳಿ ಇದ್ದದ್ದು 25 ವ್ಯಾಟಿನ ಸೋಲ್ಡರಿಂಗ್ ಐರನ್. ವಾಲ್ಯೂಮ್ ಪಾಟ್‌ನ (ದನಿ ಏರಿಳಿಸುವ ತಿರುಗುಗುಂಡಿಯ ಒಳಭಾಗ) ಬೆನ್ನಿಗೆ ಅರ್ತ್ ತಂತಿ ಬೆಸೆಯಲು ಹೋದರೆ ಸೀಸ ಹರಡದೆ ಗುಂಡಗೆ ನಿಲ್ಲುತ್ತಿತ್ತು. ಬೆರಳು ತಾಗಿದರೆ ತಂತಿ ಕೈಗೇ ಬರುತ್ತಿತ್ತು. ಎಸ್.ಪಿ. ರಸ್ತೆಯ ಅಂಗಡಿಯಲ್ಲಿ ಕೇಳಿದೆ. "ಲೋಹ ದಪ್ಪ ಇದೆ ಸಾರ್, ಬಿಸಿಯನ್ನೆಲ್ಲ ಅದೇ ಕುಡಿದುಬಿಡುತ್ತದೆ. 60 ವ್ಯಾಟಿನದು ತೆಗೆದುಕೊಳ್ಳಿ, ಬೆನ್ನನ್ನು ಉಪ್ಪುಕಾಗದದಿಂದ ತಿಕ್ಕಿ, ಮುಟ್ಟಿಸಿ ತಕ್ಷಣ ತೆಗೆಯಿರಿ" ಎಂದರು. ಹಾಗೆಯೇ ಮಾಡಿದೆ. ಮೂರು ಸೆಕೆಂಡು ಆಗಿರಬಹುದು, ಸೀಸ ನೀರಿನಂತೆ ಹರಡಿ ಕನ್ನಡಿಯ ಹಾಗೆ ಹೊಳೆಯಿತು. ಮಂಕಾಗಿ, ಉಂಡೆಯಾಗಿ ಕಂಡ ಹಳೆಯ ಬೆಸುಗೆಗಳನ್ನೆಲ್ಲ ಅಂದೇ ಮತ್ತೆ ಹಾಕಿದೆ. ಬ್ರಿಡ್ಜ್‌ನ ಅಡಿಯಿಂದ ಬರುವ ಅರ್ತ್ ತಂತಿ ಅರ್ಧ ಕಿತ್ತುಹೋಗಿದ್ದು ಗೊತ್ತಾದದ್ದೂ ಆಗಲೇ. ಪಿಕಪ್ ಕೊಳ್ಳುವ ಮೊದಲು ಇದನ್ನು ನೋಡಬೇಕು. ಕೆಲವರ ತೊಂದರೆ ಇಷ್ಟರಲ್ಲೇ ಮುಗಿಯಬಹುದು.

ತಂತಿ ಕಟ್ಟಿ ಆಂಪ್ಲಿಫೈಯರ್‌ಗೆ ಹಾಕಿದಾಗ ಎದೆ ಧಸಕ್ಕೆಂದಿತು. ಒಂದೊಂದೇ ಪಿಕಪ್ಪನ್ನು ತೆರೆದರೆ ತುಂಬು ನಾದ. ಎರಡನ್ನೂ ತೆರೆದರೆ ತಳವೇ ಇಲ್ಲದ ಕೀರಲು ದನಿ, ಜೊತೆಗೆ ಗುಂಯ್ ಸದ್ದು ಮೊದಲಿಗಿಂತ ಜೋರು. ಹೊಸದೇ ಕೆಟ್ಟಿದೆ ಎಂದುಕೊಂಡು ಒಂದು ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಹೊಳೆಯಿತು: ನೆಕ್ ಬದಿಯ ಪಿಕಪ್‌ನ ಬಿಳಿ ತಂತಿ ಇರಬೇಕಾದಲ್ಲಿ ಕಪ್ಪು ತಂತಿ ಬೆಸೆದಿದ್ದೆ. ಕೂಡಬೇಕಾದ ನಾದ ಕಳೆಯುತ್ತಿತ್ತು, ಕಳೆಯಬೇಕಾದ ಸದ್ದು ಕೂಡುತ್ತಿತ್ತು. ಎರಡನ್ನೂ ಅದಲುಬದಲು ಮಾಡಿದೆ. ದಪ್ಪ ತಂತಿಯನ್ನು ಮೀಟಿದಾಗ ನೆಲದ ಮೇಲಿಟ್ಟಿದ್ದ ಕಾಫಿ ಲೋಟ ಅದುರಿತು. ಕೈ ತೆಗೆದರೆ ಮೌನ. ಆ ಮೌನಕ್ಕಾಗಿಯೇ ಇಷ್ಟೆಲ್ಲ ಪಾಡುಪಟ್ಟಿದ್ದೆ.

ಗುಳಿಗಳ ಒಳಗೆ ತಾಮ್ರದ ಅಂಟುಪಟ್ಟಿ ಹೊದಿಸಿ ಅರ್ತ್‌ಗೆ ಸೇರಿಸಿದ್ದೂ ಉಪಯೋಗವಾಯಿತು. ಡಿಮ್ಮರ್‌ನ ಚರಚರ ಸದ್ದು ಬಹಳ ತಗ್ಗಿತು. ಆದರೆ ಒಂದೇ ಪಿಕಪ್ ತೆರೆದಾಗ ಸಣ್ಣ ಗುಂಯ್ ಈಗಲೂ ಇದೆ. ತಾಮ್ರ ಅಯಸ್ಕಾಂತೀಯ ಅಲೆಯನ್ನು ತಡೆಯುವುದಿಲ್ಲ. ಒಂಟಿ ಸುರುಳಿಯಲ್ಲಿ ಅದು ಇದ್ದೇ ಇರುತ್ತದೆ.

ರಾಜ್ಯೋತ್ಸವದ ಕಾರ್ಯಕ್ರಮದಲ್ಲಿ ಅದೇ ಬಗೆಯ ದೀಪಗಳು, ಅದೇ ತಂಡ. ಎರಡೂ ವಾಲ್ಯೂಮ್ ಪೂರ್ತಿ ತೆರೆದು, ಟೋನ್ ಸ್ವಲ್ಪ ಇಳಿಸಿ ನುಡಿಸಿದೆ. ಎರಡನೇ ಹಾಡಿನ ನಡುವೆ ಕೀಬೋರ್ಡ್ ಹಿರಿಯರು ತಿರುಗಿ ನೋಡಿ ತಲೆದೂಗಿದರು. ಇಳಿದ ಮೇಲೆ, "ಈಗ ಗಾಂಧಾರ ಕೇಳಿಸಿತು ನೋಡು. ಆದರೆ ದಪ್ಪ ತಂತಿ ತುಸು ಮುಂದೆ ಬರುತ್ತಿದೆ" ಎಂದರು. ಮನೆಗೆ ಬಂದವನೇ ಪಿಕಪ್ಪನ್ನು ತಂತಿಯಿಂದ ತುಸು ದೂರ ಮಾಡಲು ಆ ಬದಿಯ ಸ್ಕ್ರೂವನ್ನು ಅರ್ಧ ಸುತ್ತು ಇಳಿಸಿದೆ.